ಕಿರುಬೆರಳು ಜುಮ್ಮೆಂದರೆ ಮೊಣಕೈ ನೋಡಿಕೊಳ್ಳಿ

ಅಡಿಕೆ ಸುಲಿತದ ದಿನಗಳು ಬಂದವೆಂದರೆ ನಮ್ಮ ಬೆಳೆಗಾರರ ಮನೆಗಳಲ್ಲಿ ಕೈನೋವಿನ ಮಾತು ಇದ್ದದ್ದೇ. ಬೆರಳಿಗೆ ಕತ್ತಿ ತಾಗಿತು, ರಟ್ಟೆ ಸೋತಿತು, ಸೊಂಟ ಹಿಡಿಯಿತು ಎಂದು ಒಬ್ಬೊಬ್ಬರದು ಒಂದೊಂದು ದೂರು. ಇವುಗಳ ನಡುವೆ ಯಾರೂ ಲೆಕ್ಕಕ್ಕೆ ಹಿಡಿಯದ ದೂರೊಂದಿದೆ. ಅದು ಕಿರುಬೆರಳು ಮತ್ತು ಅದರ ಪಕ್ಕದ ಉಂಗುರಬೆರಳು ಜುಮ್ಮೆನ್ನುವುದು. ನೋವು ಅಂಥದ್ದೇನೂ ಇಲ್ಲ, ಕೈ ಕೊಡವಿದರೆ ಹೋಗುತ್ತದೆ, ಹಾಗಾಗಿ ಸುಮ್ಮನಿರುತ್ತೇವೆ. ನಾವೂ ಹಾಗೆಯೇ ಒಂದು ವರ್ಷ ಸುಮ್ಮನಿದ್ದು ಕೈ ಸುಟ್ಟುಕೊಂಡವರಾದ್ದರಿಂದ ಈ ವಿಷಯವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಮೊಣಕೈಯ ಒಳಮಗ್ಗುಲು ಬಾಗಿಲಿನ ದಾರಂದಕ್ಕೆ ತಾಗಿದಾಗ ಕಿರುಬೆರಳಿನವರೆಗೂ ಕರೆಂಟು ಹೊಡೆದಂತಾಗುವುದು ಎಲ್ಲರಿಗೂ ಗೊತ್ತು. ಆ ಪೆಟ್ಟು ಬೀಳುವುದು ಅಲ್ಲಿನ ಎಲುಬಿನ ಗುಬುಟಿನ ಹಿಂದೆ ಹಾದುಹೋಗುವ ಅಲ್ನಾರ್ ನರಕ್ಕೆ. (ನಮ್ಮ ಕಡೆ ರಕ್ತನಾಳಕ್ಕೂ ನರವೆಂದೇ ಹೇಳುವ ರೂಢಿಯಿದೆ. ಇಲ್ಲಿ ಹೇಳುತ್ತಿರುವುದು ಮಿದುಳಿಗೂ ಬೆರಳಿಗೂ ಸುದ್ದಿ ಸಾಗಿಸುವ ತಂತಿಯನ್ನು.) ಕುತ್ತಿಗೆಯಿಂದ ಹೊರಟು ಕಂಕುಳಿನ ಮೂಲಕ ಇಳಿಯುವ ಈ ನರ ಮೊಣಕೈಯಲ್ಲಿ ಒಂದು ಇಕ್ಕಟ್ಟಾದ ತೋಡಿನೊಳಗೆ ನುಸುಳುತ್ತದೆ. ತೋಡಿನ ಮೇಲೆ ಗಟ್ಟಿಯಾದ ಪಟ್ಟಿಯ ಮುಚ್ಚಿಗೆ. ಕೈ ಮಡಚಿದಷ್ಟೂ ಪಟ್ಟಿ ಬಿಗಿಯುತ್ತದೆ, ತೋಡು ಕಿರಿದಾಗುತ್ತದೆ, ನರ ಜಗ್ಗುತ್ತದೆ. ತೋಟದ ನೀರಿನ ಪೈಪನ್ನು ನಡುವೆ ಯಾರೋ ಮೆಟ್ಟಿ ನಿಂತರೆ ನೀರು ನಿಲ್ಲುವುದು ತುದಿಯಲ್ಲಿ ತಾನೇ? ಹಾಗೆಯೇ ಒತ್ತುವುದು ಮೊಣಕೈಯಲ್ಲಿ, ಮರಗಟ್ಟುವುದು ಕಿರುಬೆರಳಿನಲ್ಲಿ. ಬೆರಳಿಗೆ ಎಷ್ಟು ಎಣ್ಣೆ ತಿಕ್ಕಿದರೂ ಪ್ರಯೋಜನವಿಲ್ಲ.

ನಮ್ಮ ಕೆಲಸಗಳಾದರೂ ಎಂಥವು? ಮೆಟ್ಟುಗತ್ತಿಯ ಮುಂದೆ ಕುಳಿತರೆ ಗಂಟೆಗಟ್ಟಲೆ ಕೈ ಮಡಚಿಯೇ ಇರುತ್ತದೆ. ದೋಟಿ ಎತ್ತಿ ಹಿಡಿದಾಗ, ಕಾಫಿ ಗಿಡ ಕಸಿ ಮಾಡುವಾಗ, ಕಳೆ ಕೊಚ್ಚುವ ಯಂತ್ರ ಹಿಡಿದಾಗಲೂ ಅಷ್ಟೇ. ಆದರೆ ಎಲ್ಲವನ್ನೂ ಕೆಲಸದ ತಲೆಗೆ ಕಟ್ಟುವುದು ನ್ಯಾಯವಲ್ಲ. ಜೀಪಿನ ಕಿಟಕಿಯ ಮೇಲೆ ಮೊಣಕೈಯೂರುವುದು, ಅರ್ಧ ಗಂಟೆ ಕಿವಿಗೆ ಮೊಬೈಲು ಹಚ್ಚಿಕೊಂಡು ಅಡಿಕೆ ಧಾರಣೆ ಚರ್ಚಿಸುವುದು, ರಾತ್ರಿ ತಲೆಯಡಿಗೆ ಕೈ ಮಡಚಿಟ್ಟು ಮಲಗುವುದು, ಇವೂ ನರವನ್ನು ಹಿಂಡುತ್ತವೆ. ಬಾಲ್ಯದಲ್ಲಿ ಪೇರಳೆ ಮರದಿಂದ ಬಿದ್ದು ಮೊಣಕೈ ಮುರಿದು ಸೊಟ್ಟಗೆ ಕೂಡಿಕೊಂಡವರಿಗೆ ಎಷ್ಟೋ ವರ್ಷಗಳ ಮೇಲೆ ಈ ತೊಂದರೆ ತಲೆದೋರುವುದುಂಟು.

ನಮಗೆ ಮೊದಲು ರಾತ್ರಿ ಮಾತ್ರ ಜೋಮು ಹಿಡಿಯುತ್ತಿತ್ತು. ಆಮೇಲೆ ಹಗಲೂ ಬಂತು. ವಾತವೆಂದರು, ತೈಲ ಹಚ್ಚಿದೆವು. ಶಕ್ತಿಗುಂದಿದೆ ಎಂದರು, ವಿಟಮಿನ್ ಸೂಜಿ ಚುಚ್ಚಿಸಿಕೊಂಡೆವು. ಒಂದು ದಿನ ಗೋದಾಮಿನ ಬೀಗದ ಕೈ ತಿರುಗಿಸಲು ಹೋದರೆ ಬೆರಳುಗಳ ನಡುವಿನಿಂದ ಜಾರಿತು. ನೋಡಿದರೆ ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿನ ಮಾಂಸ ಇಂಗಿ ಗುಳಿ ಬಿದ್ದಿತ್ತು. ಅಂಗೈಯ ಬಹುಪಾಲು ಸಣ್ಣ ಸ್ನಾಯುಗಳನ್ನು ನಡೆಸುವುದು ಈ ನರವೇ ಎಂಬುದು ನಮಗೆ ತಿಳಿದದ್ದು ಆಗ.

ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಎರಡೂ ಮೊಣಕೈಗಳನ್ನು ಪೂರ್ತಿ ಮಡಚಿ, ಮಣಿಕಟ್ಟು ನೆಟ್ಟಗಿಟ್ಟು ಒಂದು ನಿಮಿಷ ಹಾಗೆಯೇ ಇರಿ. ಕಿರುಬೆರಳು ಜುಮ್ಮೆಂದರೆ ಸಂಶಯಕ್ಕೆ ಎಡೆಯುಂಟು. ಇನ್ನೊಂದು, ಫ್ರೆಂಚ್ ವೈದ್ಯ ಫ್ರೋಮಾ 1915ರಲ್ಲಿ ವರ್ಣಿಸಿದ್ದು. ಈ ಪತ್ರಿಕೆಯ ಹಾಳೆಯನ್ನೇ ಹೆಬ್ಬೆರಳು ಮತ್ತು ತೋರುಬೆರಳಿನ ಮಗ್ಗುಲಿನ ನಡುವೆ ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು ಎಳೆಯಿರಿ. ಹೆಬ್ಬೆರಳು ನೆಟ್ಟಗೆ ಒತ್ತಿ ಹಿಡಿಯಲಾರದೆ ಅದರ ತುದಿಗಂಟು ಮಡಚಿಕೊಂಡರೆ ಸ್ನಾಯು ಸೋತಿದೆಯೆಂದು ಅರ್ಥ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುವವರದು ಬೇರೆ ಕಥೆ. ಅಲ್ಲಿ ಒತ್ತಡ ಸಾಮಾನ್ಯವಾಗಿ ಮಣಿಕಟ್ಟಿನಲ್ಲಿರುತ್ತದೆ. ಕುತ್ತಿಗೆ ನೋವಿದ್ದು ಮುಂಗೈಯ ಒಳಮಗ್ಗುಲೂ ಮರಗಟ್ಟಿದರೆ ಕುತ್ತಿಗೆಯನ್ನು ತೋರಿಸಬೇಕು. ಸಕ್ಕರೆ ಕಾಯಿಲೆಯವರು ವೈದ್ಯರಿಗೆ ಅದನ್ನು ಮೊದಲೇ ಹೇಳುವುದು ಲೇಸು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಮೊಣಕೈ ಬಳಿ ಈ ನರವನ್ನು ಹಿಡಿಯುವ ಮತ್ತೊಂದು ರೋಗ ಕುಷ್ಠ. ಭಾರತದಲ್ಲಿ ಅದು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು 2005ರ ಕೊನೆಯಲ್ಲಿ ಸಾರಿದರೂ ಪ್ರತಿವರ್ಷ ಹೊಸ ರೋಗಿಗಳು ಕಾಣಸಿಗುತ್ತಲೇ ಇದ್ದಾರೆ. ಮೊಣಕೈಯ ಹಿಂದೆ ನರ ಹುರಿಯಂತೆ ದಪ್ಪಗೆ ಕೈಗೆ ಸಿಕ್ಕಿದರೆ, ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ನಾಚಿಕೆಪಡದೆ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಔಷಧಿ ಉಚಿತ, ರೋಗ ಪೂರ್ತಿ ವಾಸಿಯಾಗುತ್ತದೆ. ನಮ್ಮ ಕೂಲಿಯಾಳುಗಳಿಗೂ ಇದನ್ನು ತಿಳಿಸಿ. ಕೈ ಮರಗಟ್ಟಿದವನಿಗೆ ಒಲೆಯ ಬಿಸಿಯೂ ತಿಳಿಯದು, ಕತ್ತಿಯ ಗಾಯವೂ ತಿಳಿಯದು.

ಜೋಮು ಬಂದು ಹೋಗುವ ಹಂತದಲ್ಲಿದ್ದರೆ ಖರ್ಚಿಲ್ಲದ ಉಪಾಯವೇ ಮೊದಲ ಚಿಕಿತ್ಸೆ. ರಾತ್ರಿ ಮಲಗುವಾಗ ಬೈರಾಸನ್ನು ಮೊಣಕೈಗೆ ಸಡಿಲವಾಗಿ ಸುತ್ತಿ ಕಟ್ಟಿಕೊಳ್ಳಿ. ಕೈ ತುಸು ಬಾಗಿದರೆ ಅಡ್ಡಿಯಿಲ್ಲ, ಪೂರ್ತಿ ಮಡಚಬಾರದು ಅಷ್ಟೆ. ಹಗಲು ಮೊಣಕೈಯೂರಬೇಡಿ. ಸುಲಿಯುವಾಗ ಆಗಾಗ ಎದ್ದು ಕೈ ನೀಡಿ. ಮೊಣಕೈಯ ಗುಂಡಿಯನ್ನು ಒತ್ತಿ ತಿಕ್ಕಿಸಿಕೊಳ್ಳುವುದನ್ನು ಬಿಡಿ. ಎರಡು ಮೂರು ತಿಂಗಳು ಹೀಗೆ ನಡೆದುಕೊಂಡು ಅನೇಕರು ಗುಣ ಕಂಡಿದ್ದಾರೆ. ಗುಣ ಕಾಣದಿದ್ದರೆ, ಅಥವಾ ಮರಗಟ್ಟಿದ್ದು ಬಿಡದೇ ಇದ್ದರೆ, ಸ್ನಾಯು ಇಂಗುತ್ತಿದ್ದರೆ ಕಾಯಬಾರದು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ನರದೊಳಗೆ ಸುದ್ದಿ ಹರಿಯುವ ವೇಗವನ್ನು ಯಂತ್ರದಿಂದ ಅಳೆದು ಒತ್ತಡ ಎಲ್ಲಿದೆಯೆಂದು ಹುಡುಕುತ್ತಾರೆ.

ಶಸ್ತ್ರಚಿಕಿತ್ಸೆಯೆಂದರೆ ಆ ಬಿಗಿದ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುವುದು. ಕೆಲವೊಮ್ಮೆ ನರವನ್ನೇ ಎತ್ತಿ ಗುಬುಟಿನ ಮುಂದಕ್ಕೆ ಕೂರಿಸುತ್ತಾರೆ. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಫಲ ಹೆಚ್ಚುಕಡಿಮೆ ಒಂದೇ, ಮುಂದಕ್ಕೆ ಕೂರಿಸಿದಲ್ಲಿ ಗಾಯ ಕೀವಾಗುವುದು ಮಾತ್ರ ಜಾಸ್ತಿ. ಆದ್ದರಿಂದ ಸರಳವಾದದ್ದು ಸಾಲದೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಕೆಟ್ಟ ನರ ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರು. ಮೊಣಕೈಯಿಂದ ಅಂಗೈಗೆ ಒಂದಡಿಯ ಹತ್ತಿರ ದೂರ. ಲೆಕ್ಕ ಹಾಕಿದರೆ ಒಂದು ವರ್ಷದ ಹತ್ತಿರ ಆಯಿತು. ಅಷ್ಟರೊಳಗೆ ಸ್ನಾಯು ಸತ್ತೇ ಹೋಗಿದ್ದರೆ ನರ ತಲುಪಿಯೂ ಫಲವಿಲ್ಲ. ಅಂಥವರಿಗೂ ದಾರಿ ಇಲ್ಲದಿಲ್ಲ. ಕೆಲಸ ಮಾಡುವ ಬೇರೆ ಸ್ನಾಯುವಿನ ತುದಿಯನ್ನು ತಂದು ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಡಾಕ್ಟರ್ ಪಾಲ್ ಬ್ರಾಂಡ್ ಅವರು ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗಳಿಗೆ ಮಾಡಿ ತೋರಿಸಿದ್ದರು.

ನಮ್ಮ ಪಟ್ಟಿ ಕತ್ತರಿಸಿ ಈಗ ಎರಡು ವರ್ಷ. ಜೋಮು ಹೋಗಿದೆ, ಕಿರುಬೆರಳಿಗೆ ಬಿಸಿ ತಣ್ಣಗೆ ತಿಳಿಯುತ್ತದೆ. ಗುಳಿ ಮಾತ್ರ ಅರ್ಧ ತುಂಬಿದೆ. ಬೀಗ ತೆಗೆಯುತ್ತೇವೆ, ಆದರೆ ಮೆಣಸಿನ ಬಳ್ಳಿ ಕಟ್ಟುವಾಗ ಗಂಟು ಬಿಗಿಯಲು ಇಂದಿಗೂ ಎಡಗೈಯೇ ಬೇಕು.