ಸೊಂಟನೋವಿಗೆ ಕೈರೋಪ್ರಾಕ್ಟಿಕ್: ಹೋದರೆ ಏನಾಗುತ್ತದೆ, ಏನಾಗುವುದಿಲ್ಲ

ಕಳೆದ ಕೊಯ್ಲಿನ ಸಮಯ. ನೆರೆಮನೆಯ ಭಾವ ನಮ್ಮ ಅಂಗಳಕ್ಕೆ ಬಂದರು. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಮೊಬೈಲು. ಅದರಲ್ಲಿ ಒಬ್ಬಾತ ಮಲಗಿದವನ ಕುತ್ತಿಗೆಯನ್ನು ಹಿಡಿದು ಗಕ್ಕನೆ ತಿರುಗಿಸುತ್ತಾನೆ. 'ಠಕ್' ಎಂದು ಶಬ್ದ. ಮಲಗಿದವ ನಗುತ್ತಾ ಎದ್ದು ಕೂರುತ್ತಾನೆ.

"ಬೆಂಗಳೂರಿನಲ್ಲಿಯೂ ಇಂಥವರು ಇದ್ದಾರಂತೆ. ನೀವು ಅಮೆರಿಕದಲ್ಲಿ ಇದನ್ನು ಮಾಡಿಸಿಕೊಂಡು ಬಂದವರಲ್ಲವಾ ಭಾವಾ? ಹೋದರೆ ಪ್ರಯೋಜನ ಉಂಟಾ?"

ಉಂಟು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಆಗಲಿಲ್ಲ. ಅವರಿಗೆ ಅಂದು ಕಾಫಿ ಕುಡಿಯುತ್ತಾ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ, ಮೂರು ಎಕ್ರೆ ಅಡಿಕೆ ತೋಟದವ. ಆದರೆ ಸೊಂಟನೋವಿನಲ್ಲಿ ನನಗೆ ಇಪ್ಪತ್ತು ವರ್ಷದ ಅನುಭವ ಉಂಟು! ಬಗ್ಗಿ ಅಡಿಕೆ ಹೆಕ್ಕುವುದು, ದಿನವಿಡೀ ಕೂತು ಸುಲಿಯುವುದು, ಗೊಬ್ಬರದ ಬುಟ್ಟಿ ಹೊರುವುದು, ಹೀಗೆ ನಮ್ಮ ಕೆಲಸಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಸೊಂಟದಲ್ಲೇ.

2023ರ ಏಪ್ರಿಲ್‌ನಲ್ಲಿ ಷಿಕಾಗೋ ಹತ್ತಿರ ಇರುವ ಮಗಳ ಮನೆಗೆ ಹೋಗಿದ್ದೆ. ಮದ್ದು ಬಿಡುವ ಹೊತ್ತಿಗೆ ವಾಪಸು ಬರಬೇಕೆಂಬ ಲೆಕ್ಕಾಚಾರ. ವಿಮಾನದಲ್ಲಿ ಇಡೀ ದಿನ ಮಡಚಿ ಕೂತದ್ದು, ಇಳಿದ ಮೇಲೆ ಹಲಸಿನ ಹಪ್ಪಳ, ಉಪ್ಪಿನಕಾಯಿ ತುಂಬಿದ ಪೆಟ್ಟಿಗೆ ಎತ್ತಿದ್ದು, ಎರಡೂ ಸೇರಿ ಸೊಂಟ ಹಿಡಿಯಿತು. ಮೂರು ದಿನ ಮಗ್ಗುಲು ಬದಲಿಸಲೂ ಕಷ್ಟ. ಅಲ್ಲಿ ಮಾಮೂಲಿ ಡಾಕ್ಟರನ್ನು ಕಾಣಲು ಎರಡು ವಾರ ಕಾಯಬೇಕು ಎಂದರು. ಅಳಿಯನೇ ಹತ್ತಿರದ ಕೈರೋಪ್ರಾಕ್ಟರರ ಹತ್ತಿರ ಕರೆದುಕೊಂಡು ಹೋದ.

ಹೆಸರು ಕೇಳಿ ಗಾಬರಿ ಬೇಡ. ಗ್ರೀಕ್ ಭಾಷೆಯ 'ಕೈರ್' ಅಂದರೆ ಕೈ, 'ಪ್ರಾಕ್ಸಿಸ್' ಅಂದರೆ ಕೆಲಸ. ಒಟ್ಟಿನಲ್ಲಿ ಕೈಕೆಲಸ. ನಮ್ಮ 'ಕೈ'ಗೂ ಅದಕ್ಕೂ ನಂಟು ಇಲ್ಲದಿದ್ದರೂ ನೆನಪಿಟ್ಟುಕೊಳ್ಳಲು ಸುಲಭ. ಮಾತ್ರೆ ಕೊಡುವುದು, ಆಪರೇಷನ್ ಮಾಡುವುದು ಅವರ ಕೆಲಸ ಅಲ್ಲ.

ಮೊದಲ ದಿನ

ನಾನು ಎಣಿಸಿದ್ದು ಹೋದ ಕೂಡಲೇ ಮಲಗಿಸಿ ತಿರುಚುತ್ತಾರೆ ಎಂದು. ಆದರೆ ಅರ್ಧ ಗಂಟೆ ಬರೀ ಪ್ರಶ್ನೆಗಳು. ಬಿದ್ದದ್ದುಂಟಾ, ಜ್ವರ ಉಂಟಾ, ತೂಕ ಇಳಿದಿದೆಯಾ, ಕ್ಯಾನ್ಸರ್ ಆಗಿತ್ತಾ, ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತೀರಾ, ಮೂತ್ರ ಸರಿಯಾಗಿ ಹೋಗುತ್ತದಾ? ಸೊಂಟ ನೋವಿಗೂ ಮೂತ್ರಕ್ಕೂ ಎಂಥ ಸಂಬಂಧ ಎಂದು ಆಗ ನನಗೆ ತಲೆಗೆ ಹೋಗಲಿಲ್ಲ. ಆಮೇಲೆ ಅಂಗಾತ ಮಲಗಿಸಿ ಒಂದೊಂದೇ ಕಾಲನ್ನು ನೇರ ಮೇಲಕ್ಕೆ ಎತ್ತಿದರು. ಸಣ್ಣ ಸುತ್ತಿಗೆಯಲ್ಲಿ ಮಂಡಿಗೆ ತಟ್ಟಿದರು. ಹೆಬ್ಬೆರಳನ್ನು ಮೇಲಕ್ಕೆ ಒತ್ತಿ ಎಂದರು. ಕಾಲಿನ ನರಕ್ಕೆ ಪೆಟ್ಟಾಗಿದೆಯೋ ಎಂದು ನೋಡುವ ಪರೀಕ್ಷೆಗಳಂತೆ ಇವು. ಎಕ್ಸ್‌ರೇ ತೆಗೆಸಲಿಲ್ಲ. ಮಾಮೂಲಿ ಸೊಂಟನೋವಿಗೆ ಅದು ಬೇಡ ಎಂದೇ ಈಗ ಡಾಕ್ಟರುಗಳೂ ಹೇಳುವುದು. ಐವತ್ತು ದಾಟಿದ ಹೆಚ್ಚಿನವರ ಬೆನ್ನಿನ ಚಿತ್ರದಲ್ಲಿ ಏನಾದರೊಂದು ಸವೆತ ಕಾಣುತ್ತದೆ, ನೋವು ಇರಲಿ ಇಲ್ಲದಿರಲಿ.

ಕೊನೆಗೆ ಒಂದು ಕಾಗದಕ್ಕೆ ಸಹಿ. ಇದರಿಂದ ಆಗಬಹುದಾದ ಅಪಾಯಗಳೆಲ್ಲ ಅದರಲ್ಲಿ ಬರೆದಿದ್ದವು.

ನಿಜವಾದ ಚಿಕಿತ್ಸೆ ಹತ್ತು ನಿಮಿಷವೂ ಇಲ್ಲ. ಮುಖ ಇಡಲು ತೂತು ಇರುವ ಒಂದು ಮಂಚ. ಕವುಚಿ ಮಲಗಿಸಿ ಬೆನ್ನಿನ ಉದ್ದಕ್ಕೂ ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು. ನಂತರ ಮಗ್ಗುಲಾಗಿ ಮಲಗಿಸಿ, ಮೇಲಿನ ಕಾಲು ಮಡಚಿ, ಭುಜವನ್ನು ಹಿಂದಕ್ಕೆ ಸೊಂಟವನ್ನು ಮುಂದಕ್ಕೆ ತಂದು ನಿಲ್ಲಿಸಿ, ಉಸಿರು ಬಿಡಿ ಎಂದರು. ಬಿಟ್ಟ ಕ್ಷಣಕ್ಕೆ ಚಿಕ್ಕದೊಂದು ಜೋರಿನ ನೂಕು. ಠಕ್! ನೋವಾಗಲಿಲ್ಲ, ಆದರೆ ಗಾಬರಿಯಾಯಿತು. ಎದ್ದು ನಿಂತಾಗ ಮೈ ಹಗುರವೆನಿಸಿದ್ದು ನಿಜ. ಮರುದಿನ ಅದೇ ಜಾಗದಲ್ಲಿ ಮೊದಲ ಸಲ ಗದ್ದೆಗೆ ಇಳಿದವನಿಗೆ ಆಗುವಂಥ ಮೈಕೈ ನೋವು. ಹೀಗೆ ಬಹಳ ಜನಕ್ಕೆ ಆಗುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು.

ಆ 'ಠಕ್' ಎಂಥದ್ದು?

ಜಾರಿದ ಮೂಳೆ ಜಾಗಕ್ಕೆ ಬಂದು ಕೂತ ಶಬ್ದ ಎಂದು ನಾನೂ ತಿಳಿದಿದ್ದೆ. ಅಲ್ಲವಂತೆ. ಕೀಲಿನ ಒಳಗೆ ಎಣ್ಣೆಯ ಹಾಗಿನ ದ್ರವ ಇರುತ್ತದೆ. ಕೀಲನ್ನು ತಟಕ್ಕನೆ ಬಿಡಿಸಿದಾಗ ಅದರಲ್ಲಿ ಗಾಳಿಗುಳ್ಳೆ ಉಂಟಾಗುತ್ತದೆ, ಶಬ್ದ ಅದರದ್ದು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳಿನ ಲಟಿಕೆ ಮುರಿಯುವಾಗ ಎಂಆರ್‌ಐ ಯಂತ್ರದಲ್ಲಿ ಇದನ್ನು ಹಿಡಿದು ತೋರಿಸಿದ್ದಾರೆ. ಅಂದರೆ ನಾವು ಲಟಿಕೆ ತೆಗೆಯುವ ಶಬ್ದವೂ ವಿಡಿಯೋದ ಶಬ್ದವೂ ಒಂದೇ ಜಾತಿ. ಶಬ್ದ ಬಂದರೆ ಗುಣ, ಬಾರದಿದ್ದರೆ ಇಲ್ಲ ಎಂದೇನೂ ಅಲ್ಲ.

ಮೂಳೆ ಜಾರುವ ಕಥೆ ಬಂದದ್ದು ಈ ಪದ್ಧತಿ ಹುಟ್ಟಿದ ಕಾಲದಿಂದ. ಮಗಳ ಊರಿನಿಂದ ಪಶ್ಚಿಮಕ್ಕೆ ಮೂರು ಗಂಟೆ ಕಾರಿನಲ್ಲಿ ಹೋದರೆ ಮಿಸಿಸಿಪ್ಪಿ ನದಿ ದಂಡೆಯಲ್ಲಿ ಡೇವನ್‌ಪೋರ್ಟ್ ಎಂಬ ಊರು. ಅಲ್ಲಿ 1895ರಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬವರು ಕಿವಿ ಸರಿಯಾಗಿ ಕೇಳದ ಹಾರ್ವೆ ಲಿಲ್ಲಾರ್ಡ್ ಎಂಬ ಕೆಲಸಗಾರನ ಬೆನ್ನುಮೂಳೆ ಒತ್ತಿ ಕಿವಿ ಕೇಳಿಸಿದೆ ಎಂದು ಹೇಳಿಕೊಂಡರು. ಮುಂದೆ ಬಹುತೇಕ ಎಲ್ಲ ರೋಗಗಳಿಗೂ ಬೆನ್ನುಮೂಳೆ ಸರಿದದ್ದೇ ಕಾರಣ ಎನ್ನುವವರೆಗೆ ಹೋದರು. ಪರವಾನಗಿ ಇಲ್ಲದೆ ಚಿಕಿತ್ಸೆ ಮಾಡಿದ್ದಕ್ಕೆ 1906ರಲ್ಲಿ ಜೈಲಿಗೂ ಹೋದರು. ಈಗ ಅಮೆರಿಕದಲ್ಲಿ ಇದಕ್ಕೆ ಕಾಲೇಜು, ಪರೀಕ್ಷೆ, ಸರಕಾರದ ಲೈಸೆನ್ಸು ಎಲ್ಲ ಉಂಟು. ಆದರೆ ಹಳೆಯ ಮಾತನ್ನೇ ಹಿಡಿದು ಅಸ್ತಮಾ, ಸಕ್ಕರೆ ಕಾಯಿಲೆಗೂ ಬೆನ್ನು ಒತ್ತುತ್ತೇವೆ ಎನ್ನುವವರು ಇದ್ದಾರೆ. ಅಂಥವರನ್ನು ಕಂಡರೆ ಚಪ್ಪಲಿ ಹಾಕಿಕೊಂಡು ಹೊರಡಬಹುದು.

ಸೊಂಟನೋವಿಗೆ ಮಾತ್ರ ಸ್ವಲ್ಪ ಗುಣ ಇದೆ ಎಂಬುದಕ್ಕೆ ಆಧಾರ ಉಂಟು. 2017ರಲ್ಲಿ ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಅದುವರೆಗಿನ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ್ದು ಬಂದಿತ್ತು. ನೋವನ್ನು ನೂರು ಅಂಕದಲ್ಲಿ ಅಳೆದರೆ ಸರಾಸರಿ ಹತ್ತು ಅಂಕದಷ್ಟು ಇಳಿತ, ಅದೂ ಆರು ವಾರದ ಒಳಗಿನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಕೊಟ್ಟ ಸಲಹೆಯಲ್ಲಿಯೂ ವ್ಯಾಯಾಮದ ಜೊತೆಗೆ ಇದಕ್ಕೂ ಜಾಗ ಕೊಟ್ಟಿದೆ. ಸೊಂಟದ ಪಟ್ಟಿ, ತೂಕ ಕಟ್ಟಿ ಎಳೆಯುವುದು ಮಾತ್ರ ಬೇಡ ಎಂದಿದೆ. ನನ್ನ ಕಪಾಟಿನಲ್ಲಿ ಎರಡು ಪಟ್ಟಿ ಉಂಟು, ಬೇಕಾದವರು ಕೊಂಡುಹೋಗಬಹುದು.

ಇನ್ನೊಂದು ಲೆಕ್ಕವೂ ಇದೆ. ಹೊಸದಾಗಿ ಹಿಡಿದ ಸೊಂಟ ಹೆಚ್ಚಿನವರಲ್ಲಿ ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ತಾನಾಗಿ ಬಿಡುತ್ತದೆ. ನನ್ನದು ಮೂರು ಸಲ ಹೋದ ಮೇಲೆ ಬಿಟ್ಟಿತು. ಬಿಡಿಸಿದ್ದು ಅವರೋ, ಹತ್ತು ದಿನವೋ, ಯಾರಿಗೆ ಗೊತ್ತು! ನಾಲ್ಕನೆಯ ಸಲ ಇಪ್ಪತ್ತನಾಲ್ಕು ಭೇಟಿಗೆ ಒಟ್ಟಿಗೆ ಹಣ ಕಟ್ಟಿದರೆ ರಿಯಾಯಿತಿ ಎಂದರು. ನೋವು ಇಲ್ಲದ ಮೇಲೆ ಎಂಥಕ್ಕೆ ಎಂದು ಕೇಳಿದೆ. ಮೂಳೆ ಮತ್ತೆ ಸರಿಯದ ಹಾಗೆ ನೋಡಿಕೊಳ್ಳಲು ಅಂತೆ. ನಮಸ್ಕಾರ ಹೇಳಿ ಬಂದೆ.

ಮೂತ್ರದ ಪ್ರಶ್ನೆ

ಈಗ ಹೇಳಲೇಬೇಕಾದ ಒಂದು ಸಂಗತಿ. ನಮ್ಮಲ್ಲಿಗೆ ಕೊಯ್ಲಿಗೆ ಬರುತ್ತಿದ್ದ ಒಬ್ಬರು, ನಲವತ್ತರ ಪ್ರಾಯ, ಅಡಿಕೆ ಚೀಲ ಎತ್ತುವಾಗ ಸೊಂಟ ಹಿಡಿಯಿತು. ನೀವಿ ಉಳುಕು ತೆಗೆಯುವವರ ಮನೆಯ ದಾರಿ ಹೇಳಿದವ ನಾನೇ. ನಮ್ಮಲ್ಲಿ ಎಲ್ಲರೂ ಹಾಗೆಯೇ ಅಲ್ಲವೇ? ಕಾಲು ಮುಂದಾಗಿ ಹುಟ್ಟಿದವರು ಸೊಂಟ ತುಳಿದರೆ ಗುಣ ಎಂದು ನಂಬುವವರು ಇನ್ನೂ ಇದ್ದಾರೆ. ಇವರಿಗೆ ನೋವು ಎರಡೂ ಕಾಲಿಗೆ ಇಳಿದಿತ್ತು. ನೀವಿದ ಮರುದಿನ ಕೂರುವ ಜಾಗವೆಲ್ಲ ಜೋಮು, ಮೂತ್ರ ಬರುವುದಿಲ್ಲ. ಇನ್ನೊಮ್ಮೆ ನೀವಿದರೆ ಸರಿಯಾದೀತು ಎಂದು ಮತ್ತೆ ಮೂರು ದಿನ ಹೋಯಿತು. ಮಂಗಳೂರಿಗೆ ಕೊಂಡುಹೋಗಿ ಆಪರೇಷನ್ ಆಯಿತು. ನೋವು ಹೋಯಿತು. ಆದರೆ ಒಂದು ಪಾದ ಇಂದಿಗೂ ಎಳೆದುಕೊಂಡೇ ನಡೆಯುವುದು, ಮೂತ್ರಕ್ಕೆ ದಿನಾ ನಳಿಗೆ ಹಾಕಿಕೊಳ್ಳಬೇಕು. ಮರ ಹತ್ತುವ ಮಾತೇ ಇಲ್ಲ.

ಬೆನ್ನಿನ ಕೆಳಭಾಗದಲ್ಲಿ ನರಗಳು ಕುದುರೆಬಾಲದ ಹಾಗೆ ಇಳಿಬಿದ್ದಿರುತ್ತವಂತೆ. ಹೊರಬಂದ ಡಿಸ್ಕು ಅವನ್ನೆಲ್ಲ ಒಟ್ಟಿಗೆ ಅಮುಕಿದರೆ ಹೀಗಾಗುತ್ತದೆ. ಆಗ ದಿನದ ಲೆಕ್ಕ ಅಲ್ಲ, ಗಂಟೆಯ ಲೆಕ್ಕ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ಹೋದರೆ, ಕಾಲಿನ ಬಲ ಇಳಿದರೆ ನೀವುವವರೂ ಬೇಡ, ಕೈರೋಪ್ರಾಕ್ಟರರೂ ಬೇಡ, ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಮರದಿಂದ ಬಿದ್ದ ಮೇಲಿನ ನೋವು, ಜ್ವರದ ಜೊತೆಗಿನ ನೋವು, ತೂಕ ಇಳಿಯುತ್ತಾ ರಾತ್ರಿ ನಿದ್ದೆಗೆಡಿಸುವ ನೋವು, ಇವಕ್ಕೂ ಮೊದಲು ಡಾಕ್ಟರು. ಮೂಳೆ ಟೊಳ್ಳಾದ ಪ್ರಾಯದ ಹೆಂಗಸರು, ಬಹುಕಾಲ ಸ್ಟೀರಾಯ್ಡ್ ತಿಂದವರು ಜೋರಾಗಿ ಒತ್ತಿಸಿಕೊಳ್ಳಲೇಬಾರದು. ಕುತ್ತಿಗೆ ತಿರುಚುವುದಂತೂ ನನ್ನ ಮಟ್ಟಿಗೆ ಬೇಡವೇ ಬೇಡ. ಅಪರೂಪಕ್ಕೆ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಲಕ್ವ ಹೊಡೆದದ್ದುಂಟು. ಅಪರೂಪ ಸರಿ, ಆದರೆ ತಪ್ಪಿದರೆ ತಿದ್ದಲಿಕ್ಕೆ ಆಗುವಂಥದ್ದಲ್ಲ.

ನಮ್ಮ ದೇಶದಲ್ಲಿ ಅಲೋಪತಿ, ಆಯುರ್ವೇದ, ಹೋಮಿಯೋಪತಿಗಳಿಗೆ ಇರುವ ಹಾಗೆ ಕೈರೋಪ್ರಾಕ್ಟಿಕ್‌ಗೆ ಬೇರೆ ಕೌನ್ಸಿಲ್ ಇಲ್ಲ. ಹಾಗಾಗಿ ಬೋರ್ಡು ನೋಡಿ ನಂಬುವ ಹಾಗಿಲ್ಲ. ಎಲ್ಲಿ ಕಲಿತಿರಿ, ಎಷ್ಟು ವರ್ಷ ಎಂದು ಕೇಳಲು ಸಂಕೋಚ ಬೇಡ. ಕರು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ! ಪ್ರಶ್ನೆ ಕೇಳದೆ ನೇರ ಮಲಗಿಸುವವರ ಹತ್ತಿರ ಮಲಗಬೇಡಿ.

ನೆರೆಮನೆ ಭಾವನಿಗೆ ಇಂಥ ಲಕ್ಷಣ ಯಾವುದೂ ಇರಲಿಲ್ಲ. ಪೇಟೆಯ ಡಾಕ್ಟರು ನೋಡಿ, ಮಲಗಿಯೇ ಇರಬೇಡಿ, ಆದಷ್ಟು ನಡೆದಾಡಿ ಎಂದರು. ಬಿಸಿನೀರಿನ ಶಾಖ ಕೊಟ್ಟುಕೊಂಡರು. ಮೂರು ವಾರಕ್ಕೆ ಬಿಟ್ಟಿತು. ಬೆಂಗಳೂರಿಗೆ ಹೋಗಿದ್ದರೆ ಅಲ್ಲಿಯದ್ದೇ ಗುಣ ಎನ್ನುತ್ತಿದ್ದರು, ನಾನೂ ಹೌದೆನ್ನುತ್ತಿದ್ದೆನೋ ಏನೋ.

ನನಗೆ ಅಮೆರಿಕದಿಂದ ಬಂದ ಮೇಲೆ ಒಂದು ಸಲ ಮರುಕಳಿಸಿತು. ಪೇಟೆಯ ಫಿಸಿಯೋಥೆರಪಿಯವರು ನಾಲ್ಕು ವ್ಯಾಯಾಮ ಕಲಿಸಿದ್ದಾರೆ, ಬೆಳಿಗ್ಗೆ ಹಾಲು ಕರೆಯುವ ಮೊದಲು ಹತ್ತು ನಿಮಿಷ. ಸುಲಿಯುವ ಕತ್ತಿಯನ್ನು ಬೆಂಚಿಗೆ ಕೂರಿಸಿ ಕುರ್ಚಿಯಲ್ಲಿ ಕೂತು ಸುಲಿಯುತ್ತೇನೆ, ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದ ಅಡಿಕೆ ಕೆದಕಿ ಬರುತ್ತೇನೆ. ಗೋಣಿಯನ್ನು ಅರ್ಧವೇ ತುಂಬಿಸುವುದು. ಮೊದಲಿನ ಎರಡರಷ್ಟು ಗೋಣಿ ಬೇಕಾಗುತ್ತದೆ, ಹೊರಲು ಎರಡು ಸಲ ನಡೆಯಬೇಕು. ಮನೆಯವಳು ನಗುತ್ತಾಳೆ. ಎರಡು ಕೊಯ್ಲು ಹೀಗೆ ಕಳೆಯಿತು, ಈವರೆಗೆ ಹಿಡಿದಿಲ್ಲ.