ನೀರಿನಲ್ಲಿ ನಿಂತ ಭತ್ತದ ಬೇರು ಉಸಿರಾಡುವುದು ಹೇಗೆ?

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಕಾಳಿ, ಗಂಗಾವಳಿ ನದಿಗಳ ಅಳಿವೆಗೆ ಸಮೀಪದ ಗಜನಿ ಗದ್ದೆಗಳಲ್ಲಿ ಮಳೆಗಾಲವೆಲ್ಲ ನೀರು ನಿಂತಿರುತ್ತದೆ. ಇಂಥ ನೀರಿನಲ್ಲಿ ಮೆಕ್ಕೆಜೋಳ ಬೇಗನೆ ಹಳದಿಯಾಗಿ ಸೊರಗುತ್ತದೆ. ಭತ್ತ ಹಸಿರಾಗಿಯೇ ನಿಲ್ಲುತ್ತದೆ. ಭತ್ತದ ಬೇರಿನೊಳಗೆ ಕೆಲವು ಜೀವಕೋಶಗಳು ತಾವಾಗಿಯೇ ಸತ್ತು ಗಾಳಿಗೆ ದಾರಿ ಮಾಡಿಕೊಡುವುದೇ ಇದಕ್ಕೆ ಮುಖ್ಯ ಕಾರಣ.

ಈ ಸಾವು ಕೊಳೆಯುವಿಕೆಯಲ್ಲ, ಗಿಡವೇ ಕೊಟ್ಟ ಅಪ್ಪಣೆ. ಬೇರು ಸದಾ ಅಲ್ಪಸ್ವಲ್ಪ ಎಥಿಲೀನ್ ಅನಿಲವನ್ನು ತಯಾರಿಸುತ್ತದೆ. ಬಾಳೆಗೊನೆಯನ್ನು ಹಣ್ಣು ಮಾಡುವ ಅನಿಲವೂ ಇದೇ. ಅನಿಲಗಳು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತವೆ. ಆದ್ದರಿಂದ ಎಥಿಲೀನ್ ಹೊರಹೋಗಲಾರದೆ ಬೇರಿನಲ್ಲೇ ಶೇಖರವಾಗುತ್ತದೆ. ಅದೇ ಸಾವಿನ ಸೂಚನೆ. ಆದರೆ ಸೂಚನೆ ಬಂದ ಮಾತ್ರಕ್ಕೆ ಕೆಲಸ ನಡೆಯದು. ನಡುವೆ ಅದನ್ನು ದಾಟಿಸುವ ಪ್ರೋಟೀನುಗಳು ಬೇಕು. ಸುಣ್ಣದ ಅಂಶವಾದ ಕ್ಯಾಲ್ಸಿಯಂನಿಂದ ಚುರುಕಾಗುವ ಎರಡು ಪ್ರೋಟೀನುಗಳು ಜೀವಕೋಶದ ಪೊರೆಯಲ್ಲಿರುವ ಒಂದು ಕಿಣ್ವವನ್ನು ಎಬ್ಬಿಸುತ್ತವೆಂದು 2017ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದರು. ಆ ಕಿಣ್ವ ಉಗ್ರ ಆಮ್ಲಜನಕವನ್ನು ಉತ್ಪಾದಿಸಿ ಜೀವಕೋಶದ ಸಾವಿಗೆ ದಾರಿಮಾಡುತ್ತದೆ. ಕಿಣ್ವದ ಜೀನನ್ನು ಕೆಡಿಸಿದ ಭತ್ತದಲ್ಲಿ, ನೀರು ನಿಂತಾಗ ಹೆಚ್ಚಬೇಕಾದ ಗಾಳಿಗೂಡುಗಳು ಕಡಿಮೆಯಾದವು. ನಡುವಿನ ಕೊಂಡಿ ಕಳಚಿದರೆ ಅಪ್ಪಣೆ ತಲುಪುವುದಿಲ್ಲವೆಂದು ಇದರ ಅರ್ಥ.

ಹೀಗಾದ ಪೊಳ್ಳು ದಾರಿಯಲ್ಲಿ ಎಲೆಯಿಂದ ಇಳಿದ ಗಾಳಿ ಬೇರಿನ ತುದಿ ಮುಟ್ಟುತ್ತದೆ, ಸ್ವಲ್ಪ ಹೊರಗೂ ಸೋರುತ್ತದೆ. ಮಣ್ಣಿನಲ್ಲಿ ಕರಗಿದ ಕಬ್ಬಿಣ ಆಗ ತುಕ್ಕಾಗಿ ಬೇರಿಗೆ ಅಂಟಿಕೊಳ್ಳುತ್ತದೆ. ಬುಡವೊಂದನ್ನು ಕಿತ್ತು ತೊಳೆದಾಗ ಬೇರು ಕೆಂಗಂದು ಕಂಡರೆ ರೈತರು ಗಾಬರಿಪಡಬೇಕಾಗಿಲ್ಲ. ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಗಾಳಿ ಸಾಲದಾಗಿದೆ ಎಂದು ತಿಳಿಯಬೇಕು. ಹಸಿ ಹುಲ್ಲು ಅಥವಾ ಸೊಪ್ಪನ್ನು ಉತ್ತು, ಅದು ಕಳಿಯುವ ಮುನ್ನವೇ ನಾಟಿ ಮಾಡಿದ ಗದ್ದೆಯಲ್ಲಿ ಇದು ಹೆಚ್ಚು.

ಅಂಥ ಗದ್ದೆಯ ನೀರನ್ನು ಇಳಿತದ ಹೊತ್ತಿನಲ್ಲಿ ತೂಬಿನಿಂದ ಬಿಟ್ಟು, ಭರತ ಏರುವ ಮೊದಲೇ ಹಲಗೆ ಹಾಕುವುದು ಸೂಕ್ತ. ತಡವಾದರೆ ಉಪ್ಪುನೀರು ನುಗ್ಗುತ್ತದೆ. ಬಯಲುಸೀಮೆಯ ಗದ್ದೆಯಂತೆ ನೆಲ ಬಿರಿಯುವವರೆಗೆ ಒಣಗಿಸುವುದು ಗಜನಿಗೆ ಹೇಳಿದ ಕ್ರಮವಲ್ಲ, ಅಡಿಯ ಉಪ್ಪು ಮೇಲೇರುತ್ತದೆ. ಮಣ್ಣು ತೇವವಾಗಿರುವಾಗಲೇ ಮಳೆನೀರನ್ನು ಮತ್ತೆ ನಿಲ್ಲಿಸಬೇಕು. ಎಲೆಯ ತುದಿ ಮಾತ್ರ ನೀರಿನ ಮೇಲಿರಲಿ. ಬೇರಿಗೆ ಗಾಳಿ ಇಳಿಯುವುದು ಅಲ್ಲಿಂದಲೇ.