ಕವಿದ ಮನಸ್ಸಿಗೊಂದು ಮಾತ್ರೆ

ಕಮ್ಮನಹಳ್ಳಿಯ ಔಷಧದಂಗಡಿಯಿಂದ ಜ್ವರದ ಮಾತ್ರೆ ಕೊಂಡೊಯ್ದವರಿಗೆ ಸಂಜೆಯೊಳಗೆ ಗುಣ ಕಂಡೀತು. ಖಿನ್ನತೆಗೆ ಕೊಡುವ ಇಮಿಪ್ರಮೀನ್ ಹಾಗಲ್ಲ. ಮೊದಲ ವಾರ ಬಾಯಿ ಒಣಗುತ್ತದೆ, ಮಲಬದ್ಧತೆ ಕಾಡುತ್ತದೆ, ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಮನಸ್ಸಿನ ಭಾರ ಮಾತ್ರ ಇದ್ದಂತೆಯೇ ಇರುತ್ತದೆ. ರೋಗಿ ನಿರಾಶನಾಗಿ ಮಾತ್ರೆಯನ್ನು ಬಿಟ್ಟುಬಿಡುವ ಅಪಾಯವಿರುವುದು ಈ ಘಟ್ಟದಲ್ಲಿಯೇ.

ಈ ಔಷಧದ ಹುಟ್ಟು ಆಕಸ್ಮಿಕ. ಇದರ ಮೂಲದ್ರವ್ಯವನ್ನು 1899ರಲ್ಲಿಯೇ ತಯಾರಿಸಲಾಗಿತ್ತು. ಅರ್ಧ ಶತಮಾನದ ತರುವಾಯ ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿ ಅದರಿಂದ ಪಡೆದ ಸಂಯುಕ್ತವೊಂದನ್ನು ಮ್ಯೂನ್‌ಸ್ಟರ್‌ಲಿಂಗನ್ ಆಸ್ಪತ್ರೆಯ ಮನೋವೈದ್ಯ ರೋಲಾಂಡ್ ಕೂನ್ ಅವರಿಗೆ ಕಳುಹಿಸಿತು. ಸ್ಕಿಜೋಫ್ರೇನಿಯಾ ರೋಗಿಗಳಿಗೆ ಅದು ಒದಗಲಿಲ್ಲ. ಕೆಲವರ ಉದ್ರೇಕ ಹೆಚ್ಚಿತು. 1956ರಲ್ಲಿ ಖಿನ್ನರಿಗೆ ಕೊಟ್ಟಾಗ, ಮೌನವಾಗಿ ಕುಳಿತಿದ್ದವರು ಮಾತನಾಡತೊಡಗಿದರು. 1957ರಲ್ಲಿ ಕೂನ್ ಜ್ಯೂರಿಕ್‌ನ ವಿಶ್ವ ಸಮ್ಮೇಳನದಲ್ಲಿ ಇದನ್ನು ವರದಿ ಮಾಡಿದಾಗ ಕೇಳಿದವರು ಕೆಲವರೇ. ಆ ಆಸ್ಪತ್ರೆಯಲ್ಲಿ ರೋಗಿಗಳ ಒಪ್ಪಿಗೆಯಿಲ್ಲದೆಯೂ ಔಷಧ ಪರೀಕ್ಷೆಗಳು ನಡೆದಿದ್ದವೆಂಬುದನ್ನು 2019ರ ಇತಿಹಾಸ ವರದಿ ಬಯಲಿಗೆ ತಂದಿತು. ಉಪಕಾರದ ಕಥೆಯೊಳಗೆ ಈ ನೋವೂ ಸೇರಿದೆ.

ಇದು ಕೆಲಸ ಮಾಡುವುದು ಹೇಗೆ? ನರಕೋಶಗಳ ನಡುವೆ ಕಿರಿದಾದೊಂದು ಅಂತರವಿದೆ. ನೋರಾಡ್ರಿನಲಿನ್, ಸೆರೋಟೋನಿನ್ ಎಂಬ ದ್ರವ್ಯಗಳು ಅದನ್ನು ದಾಟಿ ಸಂದೇಶ ಒಯ್ಯುತ್ತವೆ. ಬಳಿಕ ಹೊರಟ ಕೋಶವೇ ಅವನ್ನು ಮರಳಿ ಹೀರಿಕೊಳ್ಳುತ್ತದೆ. ಇಮಿಪ್ರಮೀನ್ ಈ ಹೀರುವಿಕೆಯನ್ನು ತಡೆಯುತ್ತದೆ. ನೋರಾಡ್ರಿನಲಿನ್ ಹೀಗೆ ಮರಳುವುದನ್ನು ತೋರಿಸಿಕೊಟ್ಟ ಜೂಲಿಯಸ್ ಆಕ್ಸೆಲ್‌ರಾಡ್ 1970ರಲ್ಲಿ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಈ ತಡೆ ಕೆಲವೇ ಗಂಟೆಗಳಲ್ಲಿ ಉಂಟಾಗುತ್ತದೆ; ಮನಸ್ಸು ತಿಳಿಯಾಗಲು ಎರಡರಿಂದ ನಾಲ್ಕು ವಾರ ಬೇಕು. ಆ ನಡುವೆ ಮಿದುಳು ನಿಧಾನವಾಗಿ ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತದೆಂದು ತಜ್ಞರ ಊಹೆ. ಬಾಯಿ ಒಣಗುವುದಕ್ಕೆ ಕಾರಣ ಬೇರೆ: ಅಸಿಟೈಲ್‌ಕೋಲೀನ್ ಎಂಬ ಇನ್ನೊಂದು ದ್ರವ್ಯಕ್ಕೂ ಔಷಧ ಅಡ್ಡಿಯಾಗುತ್ತದೆ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ತೀವ್ರ ಖಿನ್ನತೆಯ 45 ಒಳರೋಗಿಗಳನ್ನು ಮೂರು ಗುಂಪು ಮಾಡಿ, ವಿದ್ಯುತ್ ಚಿಕಿತ್ಸೆ, ಇಮಿಪ್ರಮೀನ್, ಸುದರ್ಶನ ಕ್ರಿಯೆಯ ಉಸಿರಾಟ ಇವುಗಳನ್ನು ಹೋಲಿಸಿದರು. ನಾಲ್ಕು ವಾರಗಳ ಕೊನೆಗೆ ರೋಗಲಕ್ಷಣ ಇಳಿದವರು ಅನುಕ್ರಮವಾಗಿ ನೂರಕ್ಕೆ 93, 73 ಮತ್ತು 67. ಗುಂಪುಗಳು ಚಿಕ್ಕವು, ಆದರೂ ಹಳೆಯ ಮಾತ್ರೆಯ ಕಸುವು ಅಲ್ಲಿ ಕಾಣುತ್ತದೆ.

ಮಿತಿಮೀರಿದರೆ ಇದೇ ಮಾತ್ರೆ ಹೃದಯದ ಬಡಿತವನ್ನು ಕೆಡಿಸಿ ಪ್ರಾಣ ತೆಗೆಯಬಲ್ಲದು. ಬದುಕು ಬೇಡವೆನಿಸಿದವರ ಕೈಗೆ ತಿಂಗಳ ಮಾತ್ರೆಗಳನ್ನು ಒಟ್ಟಿಗೆ ಕೊಡದಿರುವುದು ಮನೆಯವರ ಹೊಣೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದೂ ತರವಲ್ಲ. ಹೊಸ ಔಷಧಗಳು ಬಂದು ಇದು ಇಂದು ಹಿಂದೆ ಸರಿದಿದೆ. ಆದರೆ ಅವುಗಳಲ್ಲಿ ಬಹುಪಾಲು ಇದರಷ್ಟೇ ನಿಧಾನ. ಆ ಮೊದಲ ವಾರಗಳಲ್ಲಿ ರೋಗಿಗೆ ಬೇಕಾದದ್ದು ಮಾತ್ರೆಯೊಂದೇ ಅಲ್ಲ, ಪಕ್ಕದಲ್ಲಿ ಕುಳಿತು ಕಾಯುವವರೂ ಬೇಕು.